ದೊಡ್ಡವನಾ, ಸಣ್ಣವನಾ?

ಅಣ್ಣ ತೀರಿಕೊಂಡ ವಾರ ನಮ್ಮ ಮನೆಯ ಮೂರು ಫೋನುಗಳಿಗೆ ಬಂದ ಸಂದೇಶಗಳನ್ನು ನಾನಿನ್ನೂ ಅಳಿಸಿಲ್ಲ. ಅವುಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಬೇರೆ ಬೇರೆ ಥರ ಹೇಳುತ್ತವೆ. ಹಕ್ಕಿ ಗೂಡು ಬಿಟ್ಟಿತು. ಬಾನಾಡಿ ಬಾನು ಸೇರಿತು. ಎತ್ತರದಲ್ಲಿ ಹಾರುವವನನ್ನು ಇನ್ನೂ ಎತ್ತರದಲ್ಲಿರುವವನು ಕರೆದುಕೊಂಡ. ಒಬ್ಬರಂತೂ, ಅವರು ಕನ್ನಡ ಮೇಷ್ಟ್ರೇ, 'ಕೊನೆಯ ಟೇಕಾಫ್' ಎಂದು ಬರೆದು ಪಕ್ಕದಲ್ಲಿ ಕೈಮುಗಿದ ಚಿತ್ರ ಹಾಕಿದ್ದರು.

ಅಣ್ಣ ಪೈಲಟ್ ಆಗಿದ್ದದ್ದು ನಿಜ. ಆದರೆ ಅವನು ಸತ್ತದ್ದು ಆಕಾಶದಲ್ಲಲ್ಲ. ರಾತ್ರಿ ಡ್ಯೂಟಿ ಮುಗಿಸಿ, ಬೆಳಗಿನ ಜಾವ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತ ರೂಮಿಗೆ ಹೋಗುತ್ತಿದ್ದ. ನಿಂತಿದ್ದ ಲಾರಿಗೆ ಕಾರು ಬಡಿಯಿತು. ಆಗ ಅವನಿಗೆ 28 ವರ್ಷ 4 ತಿಂಗಳು. ಮೈಸೂರಿನ ಅಗ್ರಹಾರದಲ್ಲಿ ನಮ್ಮ ಬೀದಿಗೆ ಹೊಸದಾಗಿ ಬಂದವರು ವಿಷಯ ತಿಳಿದಾಗ ಇವತ್ತಿಗೂ ಕೇಳುವ ಮೊದಲ ಪ್ರಶ್ನೆ, 'ವಿಮಾನದಲ್ಲೇ ಹೋದದ್ದಾ?' ಅಲ್ಲ ಎಂದಾಗ ಅವರ ಮುಖದಲ್ಲಿ ಒಂದು ಸಣ್ಣ ನಿರಾಸೆ ಹಾದುಹೋಗುತ್ತದೆ. ಅವರನ್ನು ದೂರುತ್ತಿಲ್ಲ. ಕೈಗೆ ಸಿಕ್ಕ ರೂಪಕ ಜಾರಿಹೋದಾಗ ಯಾರಿಗಾದರೂ ಆಗುವ ನಿರಾಸೆ ಅದು.

ನನ್ನ ಸಂಶೋಧನೆ ಕನ್ನಡದ ಶೋಕಕಾವ್ಯದ ಮೇಲೆ. ಅಣ್ಣ ಹೋದ ಮೇಲೆ ಆರಿಸಿಕೊಂಡ ವಿಷಯವೆಂದು ಎಲ್ಲರೂ ತಿಳಿದಿದ್ದಾರೆ. ನೋಂದಣಿ ಆದದ್ದು ಅದಕ್ಕೂ ಆರು ತಿಂಗಳು ಮೊದಲು. 'ಇಷ್ಟೆಲ್ಲ ವಿಷಯ ಇರುವಾಗ ಅಳೋ ಪದ್ಯಗಳೇ ಬೇಕಿತ್ತಾ ನಿಂಗೆ?' ಎಂದು ನಕ್ಕವನು ಅವನೇ. ಹಾಗಾಗಿ ಈ ಬರಹವನ್ನು ನೆನಪಿನ ಬರಹವೆಂದು ಓದುವುದಕ್ಕಿಂತ, ನನ್ನ ಓದಿನಲ್ಲಿ ಎದ್ದ ಒಂದು ತಕರಾರು ಎಂದು ಓದಿದರೆ ಒಳ್ಳೆಯದು. ತಕರಾರು ಹಕ್ಕಿಯ ಮೇಲೆ.

ಸಾವನ್ನು ಹಾರಾಟವಾಗಿ ನೋಡುವುದು ನಮ್ಮ ಭಾಷೆಗೆ ಎಷ್ಟು ಒಗ್ಗಿಹೋಗಿದೆಯೆಂದರೆ 'ಪ್ರಾಣಪಕ್ಷಿ' ಎಂಬುದು ರೂಪಕವೆಂದೇ ನಮಗೆ ಅನ್ನಿಸುವುದಿಲ್ಲ. ಪತ್ರಿಕೆಯ ಅಪಘಾತದ ವರದಿಯಲ್ಲೂ ಅದು ಹಾರಿಹೋಗುತ್ತದೆ. ಹೊಸಗನ್ನಡ ಕಾವ್ಯ ಹಕ್ಕಿಗೆ ಬೇರೆ ಕೆಲಸಗಳನ್ನೂ ಕೊಟ್ಟಿತು. ಕುವೆಂಪು ಅವರ 'ದೇವರು ರುಜು ಮಾಡಿದನು' ಕವಿತೆಯಲ್ಲಿ ಹಾರುವ ಹಕ್ಕಿಸಾಲು ಸೃಷ್ಟಿಯ ಕೆಳಗಿನ ಸಹಿ. 1932ರಲ್ಲಿ ಬಂದ 'ಗರಿ' ಸಂಕಲನದ ಬೇಂದ್ರೆಯವರ ಹಕ್ಕಿ ಕಾಲವೇ. ರಾಜ್ಯಗಳನ್ನೂ ಯುಗಗಳನ್ನೂ ಲೆಕ್ಕಿಸದೆ ಹಾರುವ ಆ ಹಕ್ಕಿಗೆ ಯಾರನ್ನೂ ಸಮಾಧಾನಪಡಿಸುವ ಉದ್ದೇಶವಿಲ್ಲ. ಅದನ್ನು ಪಳಗಿಸಿ ಶ್ರದ್ಧಾಂಜಲಿಯ ಫಲಕಕ್ಕೆ ಅಂಟಿಸಿದವರು ನಾವು. ಸತ್ತವನು ಹಾರಿದ ಎಂದ ಕೂಡಲೇ ಅವನು ಹೋದದ್ದು ಅವನ ಇಷ್ಟದಂತೆಯೇ ಆಯಿತೆಂಬ ಭಾವನೆ ಬರುತ್ತದೆ. ಉಳಿದವರು ತಲೆಯೆತ್ತಿ ನೋಡುತ್ತ ನಿಂತರೆ ಸಾಕು.

ಹಾರುವುದೇ ಕೆಲಸವಾಗಿದ್ದ ಅಣ್ಣನಿಗೆ ಹಕ್ಕಿಯ ಮಾತು ಕೇಳಿದರೆ ನಗು ಬರುತ್ತಿತ್ತು. 2010ರಲ್ಲಿ ಮಂಡಕಳ್ಳಿಗೆ ವಿಮಾನ ಬರಲು ಶುರುವಾದಾಗ ಅವನಿಗೆ 17, ನನಗೆ 14. ನಂಜನಗೂಡು ರಸ್ತೆಯ ಅಂಚಿನಲ್ಲಿ ಸೈಕಲ್ ನಿಲ್ಲಿಸಿ ಕಾಯುತ್ತಿದ್ದೆವು. ನಾನು ರೆಕ್ಕೆ ನೋಡುತ್ತಿದ್ದೆ. ಅವನು ಚಕ್ರ ಯಾವಾಗ ಹೊರಬರುತ್ತದೆ ಎಂದು ವಾಚು ನೋಡುತ್ತಿದ್ದ. ಮುಂದೆ ಕೋ-ಪೈಲಟ್ ಆದ ಮೇಲೂ ಅವನ ಮಾತಿನಲ್ಲಿ ಇಂಧನ, ತೂಕ, ಗಾಳಿಯ ದಿಕ್ಕು, ತಪಾಸಣೆಯ ಪಟ್ಟಿ, ತರಬೇತಿಗೆ ಅಪ್ಪ ಮಾಡಿದ ಸಾಲದ ಕಂತು ಇವೇ ಇರುತ್ತಿದ್ದವು. ಕೆಳಗೆ ಕಂಡದ್ದರ ಬಗ್ಗೆ ಅಪರೂಪಕ್ಕೆ ಹೇಳಿದ ಒಂದು ಮಾತು ನನಗೆ ಅಂಟಿಕೊಂಡಿದೆ. ಗೋವಾದ ಕಡೆ ಹೋಗುವಾಗ ಒಮ್ಮೊಮ್ಮೆ ಕಾರವಾರ ಕಾಣುತ್ತದಂತೆ. ಮಳೆಗಾಲದಲ್ಲಿ ಕಾಳಿ ನದಿ ಸಮುದ್ರಕ್ಕೆ ಸೇರುವುದು ಯಾರೋ ದೊಡ್ಡ ಲೋಟದಿಂದ ಚಹಾ ಚೆಲ್ಲಿದ ಹಾಗೆ ಇರುತ್ತದಂತೆ.

ಕಳೆದ ಡಿಸೆಂಬರಿನಲ್ಲಿ ನಾನು ಕಾರವಾರಕ್ಕೆ ಹೋದದ್ದು ಆ ಚಹಾ ನೋಡಲು. ಮಳೆಗಾಲ ಮುಗಿದಿದ್ದರಿಂದ ನೀರು ಹಸಿರಾಗಿತ್ತು. ಹೋಗಲು ಇನ್ನೊಂದು ಕಾರಣವೂ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಕಾರವಾರ ಸಾಹಿತ್ಯದ ವಿದ್ಯಾರ್ಥಿಗಳಿಗೆ ರವೀಂದ್ರನಾಥ ಠಾಕೂರರ ಊರೂ ಹೌದು. ಕಡಲತೀರಕ್ಕೆ ಅವರ ಹೆಸರಿದೆ. ಅವರ ಅಣ್ಣ, ಐಸಿಎಸ್ ಸೇರಿದ ಮೊದಲ ಭಾರತೀಯ ಸತ್ಯೇಂದ್ರನಾಥರು, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. 22ರ ಹರೆಯದ ತಮ್ಮ ಅಣ್ಣನ ಮನೆಗೆ ಬಂದು ಉಳಿದ. 1912ರಲ್ಲಿ ಪ್ರಕಟವಾದ 'ಜೀವನಸ್ಮೃತಿ'ಯಲ್ಲಿ ಇದಕ್ಕೊಂದು ಪುಟ್ಟ ಅಧ್ಯಾಯವಿದೆ. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿಯ ಮೇಲ್ದಿಕ್ಕಿಗೆ ಹೋಗುತ್ತಾರೆ, ಒಬ್ಬ ರೈತನ ಗುಡಿಸಿಟ್ಟ ಅಂಗಳದಲ್ಲಿ ಕೂತು ತಂದ ಬುತ್ತಿ ಬಿಚ್ಚುತ್ತಾರೆ, ಹಿಂದಿರುಗುವಾಗ ದೋಣಿಯನ್ನು ಹರಿವಿಗೆ ಬಿಡುತ್ತಾರೆ. ಅಳಿವೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಇಳಿದು ಮರಳಿನ ಮೇಲೆ ನಡೆದೇ ಮನೆ ಸೇರುತ್ತಾರೆ. ಗಾಳಿಮರಗಳೂ ಅಲುಗದ ಆ ಮೌನದಿಂದ ಎದ್ದು ಬಂದು, ನಿದ್ದೆ ಮಾಡದೆ, ಅವರು ಒಂದು ಕವಿತೆ ಬರೆದರು.

ನನಗೆ ಆಸಕ್ತಿ ಇರುವುದು ಇದರ ನಂತರದ ಮಾತಿನಲ್ಲಿ. ಸುಮಾರು 30 ವರ್ಷಗಳಾದ ಮೇಲೆ ಆ ಕವಿತೆಯನ್ನು ತಮ್ಮ ನೆನಪಿನ ಪುಸ್ತಕಕ್ಕೆ ಸೇರಿಸುವಾಗ ಠಾಕೂರರು ಅದನ್ನು ಹೊಗಳುವುದಿಲ್ಲ. ಭಾವದಲ್ಲಿ ಮುಳುಗಿರುವ ಹೊತ್ತು ಬರೆಯಲು ಒಳ್ಳೆಯ ಹೊತ್ತಲ್ಲ, ತೀರ ಹತ್ತಿರವೂ ತೀರ ದೂರವೂ ಕಾವ್ಯಕ್ಕೆ ಆಗಿಬರುವುದಿಲ್ಲ, ಬಣ್ಣ ಹಾಕುವ ಕುಂಚ ನೆನಪಿನ ಕೈಯಲ್ಲಿದೆ ಎಂಬರ್ಥದ ಮಾತು ಹೇಳುತ್ತಾರೆ. ಅದೇ ಪುಸ್ತಕದಲ್ಲಿ ಮುಂದೆ ಸಾವಿನ ಅಧ್ಯಾಯ ಬರುತ್ತದೆ. ಕಾರವಾರದಿಂದ ಹೋದ ಮರುವರ್ಷ, 1884ರ ಏಪ್ರಿಲ್‌ನಲ್ಲಿ, ಬಾಲ್ಯದ ಒಡನಾಡಿಯಾಗಿದ್ದ ಅತ್ತಿಗೆ ಕಾದಂಬರಿದೇವಿ ತೀರಿಕೊಂಡರು. ಆ ಅಧ್ಯಾಯದಲ್ಲಿ ಅವರ ಹೆಸರೇ ಇಲ್ಲ. ಬೆಳದಿಂಗಳಿಗೆ ಕೂಡಲೇ ಕವಿತೆ ಬರೆದವರು ಆ ಸಾವಿನ ಬಗ್ಗೆ ಬರೆಯುವಾಗ ಹೆಸರನ್ನೂ ಹೇಳಲಾರದೆ ಉಳಿದರು. ಈ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿದವರಿಗೆ, ಸಾವಿನ ಮರುದಿನವೇ ಬಾನಾಡಿಯ ಮೇಲೆ ಹತ್ತು ಸಾಲು ಬರೆಯುವುದು ಸಲೀಸಾಗದು.

ನಾನೂ ದೋಣಿಯಲ್ಲಿ ಫೋನಿನ ನೋಟ್ಸ್ ತೆರೆದು ಏನೋ ಬರೆದೆ. ಅದರಲ್ಲಿ ಕಡಲಹಕ್ಕಿಗಳಿದ್ದವು.

ದೋಣಿ ಎಂದರೆ ಪ್ರವಾಸಿಗರ ಬಣ್ಣದ ದೋಣಿಯಲ್ಲ, ಹಿಂದೆ ಎಂಜಿನ್ ಕಟ್ಟಿದ ಮೀನಿನ ದೋಣಿ. ಕೋಡಿಬಾಗದ ಹತ್ತಿರ ಹತ್ತಿದೆ. ಅರವತ್ತರ ಆಸುಪಾಸಿನ ತಾಂಡೇಲರು. ಮನೆಮಾತು ಕೊಂಕಣಿ, ನನ್ನ ಜೊತೆ ಕನ್ನಡ. ಒಂದು ಕಡೆ ಸೋಂದೆ ಅರಸರ ಸದಾಶಿವಗಡದ ಗುಡ್ಡ, ಹಿಂದೆ ಸೇತುವೆ. ಅದರ ಪಕ್ಕದ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಒಂದು ಲಾರಿ ನೀರಿಗೆ ಬಿದ್ದಿತ್ತು. ಚಾಲಕ ಬದುಕಿ ಉಳಿದ. ಅದನ್ನು ಅವರು ತುಂಬ ಹೊತ್ತು ಹೇಳಿದರು. ಲಾರಿ ಎಂದಾಗಲೆಲ್ಲ ನಾನು ದೇವಬಾಗದ ಕಡೆ ನೋಡಿದೆ. ಅಳಿವೆ ದಾಟಿದ ಮೇಲೆ ಜನ ಕಾಣದ ಕರಾವಳಿ. ಬಂಡೆ, ಕುರುಚಲು ಕಾಡು, ಎದುರಿಗೆ ಕೂರ್ಮಗಡದ ದ್ವೀಪ. ದಂಡೆಯ ಆ ಕಡೆ ಠಾಕೂರರ ಹೆಸರಿನ ತೀರದಲ್ಲಿ ನಿವೃತ್ತ ಯುದ್ಧನೌಕೆ ಚಪಲ್ ಇದೆ. ಜೊತೆಗೆ 2017ರಲ್ಲಿ ನೌಕಾಪಡೆ ಸೇವೆಯಿಂದ ಬಿಡಿಸಿದ ಟುಪೊಲೆವ್ ವಿಮಾನವೂ. ಅರಕ್ಕೋಣಂನಿಂದ ಅದನ್ನು ಬಿಡಿಬಿಡಿಯಾಗಿ ಬಿಚ್ಚಿ ಲಾರಿಗಳಲ್ಲಿ ತಂದು ಜೋಡಿಸಿದ್ದು. ಅಣ್ಣ ಇದ್ದಿದ್ದರೆ, 'ನೋಡು, ನಿನ್ನ ಹಕ್ಕಿ ರಸ್ತೆ ಮೇಲೆ ಬಂತು' ಅನ್ನುತ್ತಿದ್ದ.

ಎಂಜಿನ್ ನಿಲ್ಲಿಸಿ ಇಳಿತಕ್ಕೆ ದೋಣಿ ಬಿಟ್ಟಾಗ ತಾಂಡೇಲರು, ಒಬ್ಬಳೇ ಯಾಕೆ ಬಂದೆ ಎಂದು ಕೇಳಿದರು. ಅಣ್ಣ ಎನ್ನುವ ಬದಲು ಯಾಕೋ ಇಂಗ್ಲಿಷಿನಲ್ಲಿ 'ಬ್ರದರ್' ಎಂದೆ. ತೀರಿಕೊಂಡ, ಪೈಲಟ್ ಆಗಿದ್ದ ಎಂದೆ. ಅವರು ಆಕಾಶ ನೋಡಲಿಲ್ಲ, ವಿಮಾನದ ಮಾತು ಎತ್ತಲಿಲ್ಲ. ಕೇಳಿದ್ದು ಒಂದೇ:

'ದೊಡ್ಡವನಾ, ಸಣ್ಣವನಾ?'

ದೊಡ್ಡವನು ಎಂದೆ. 'ಹಾಂ' ಎಂದು ತಲೆಯಾಡಿಸಿ ಬಲೆಯ ಗಂಟು ಬಿಡಿಸುತ್ತ ಕೂತರು.

ಆ ಪ್ರಶ್ನೆ ನನಗೆ ಗೊತ್ತಿತ್ತು. ಅದನ್ನು ನಾನು ರನ್ನನಲ್ಲಿ ಓದಿದ್ದೆ, ಆದರೆ ಓದಿದ್ದು ಸರಿಯಾಗಿ ಓದಿರಲಿಲ್ಲ.

ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬರೆದ ರನ್ನ, ಮುದುವೊಳಲಿನ ಬಳೆಗಾರರ ಮನೆಯವನು. ಅವನ 'ಗದಾಯುದ್ಧ'ದಲ್ಲಿ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದು ಭೀಷ್ಮನ ಬಳಿಗೆ ಹೋಗುವ ಭಾಗ ಕನ್ನಡ ಎಂಎ ಓದಿದ ಎಲ್ಲರಿಗೂ ಪರಿಚಿತ. ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಹೀಗೆ ಒಬ್ಬೊಬ್ಬರ ಹೆಣದ ಮುಂದೆ ಅವನು ನಿಲ್ಲುತ್ತಾನೆ. ಪರೀಕ್ಷೆಗೆ ನಾವು ಇದನ್ನು ಕರುಣರಸಕ್ಕೆ ಉದಾಹರಣೆಯಾಗಿ, ಪ್ರತಿನಾಯಕನನ್ನು ಉದಾತ್ತಗೊಳಿಸಿದ ರನ್ನನ ಪ್ರತಿಭೆಗೆ ಸಾಕ್ಷಿಯಾಗಿ ಬರೆಯುತ್ತೇವೆ. ಎರಡೂ ತಪ್ಪಲ್ಲ. ಆದರೆ ದುಶ್ಶಾಸನನ ಮುಂದೆ ಅವನು ಆಡುವ ಮಾತು ಉಳಿದ ವಿಲಾಪಗಳ ಥರದ್ದಲ್ಲ. ಅಲ್ಲಿ ತಮ್ಮನ ಶೌರ್ಯದ ಪಟ್ಟಿ ಇಲ್ಲ, ಸ್ವರ್ಗದ ಮಾತಿಲ್ಲ. ತಾಯಿಯ ಮೊಲೆಹಾಲನ್ನು ಮೊದಲು ಕುಡಿದವನು ನಾನು, ಆಮೇಲೆ ನೀನು. ಒಳ್ಳೆಯದೆಂಬುದನ್ನೆಲ್ಲ ಮೊದಲು ಉಂಡವನು ನಾನು, ಆಮೇಲೆ ನೀನು. ಹುಟ್ಟಿದಾಗಿನಿಂದ ಎಂದೂ ತಪ್ಪದ ಈ ಕ್ರಮವನ್ನು ಸಾವಿನಲ್ಲಿ ಮಾತ್ರ ಮೀರಿ ಮುಂದೆ ಹೋದೆಯಲ್ಲ ಎನ್ನುತ್ತಾನೆ. ನಿನ್ನನ್ನು ಕೊಂದವನನ್ನು ಕೊಲ್ಲದೆ ನಾನಿನ್ನೂ ಉಳಿದಿದ್ದೇನೆ ಎಂದು ನಾಚುತ್ತಾನೆ.

ಇದು ದೂರು. ಸರದಿ ತಪ್ಪಿಸಿದ ತಮ್ಮನ ಮೇಲೆ ಅಣ್ಣ ಹೇಳುವ ದೂರು. ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಈ ಪದ್ಯ ಪಾಠ ಮಾಡಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, 'ನಮ್ಮನೇಲಿ ಬಚ್ಚಲುಮನೆಗೆ ಹೋಗೋದೂ ಹಿಂಗೇ ಮೇಡಂ' ಎಂದ. ತರಗತಿ ನಕ್ಕಿತು, ನಾನೂ ಗದರಿಸಿದೆ. ಈಗ ನೋಡಿದರೆ ರನ್ನನಿಗೆ ಅತ್ಯಂತ ಹತ್ತಿರ ಹೋದವನು ಅವನೇ. ಒಡಹುಟ್ಟು ಎಂಬುದು ಮೊದಲಿಗೆ ಒಂದು ಸರದಿ. ಬಚ್ಚಲುಮನೆ, ಹಳೇ ಸಮವಸ್ತ್ರ, ಸೈಕಲ್, ಹೆಂಚಿನಿಂದ ಏಳುವ ಮೊದಲ ದೋಸೆ. ಪ್ರೀತಿ, ಜಗಳ ಎಲ್ಲ ಆ ಸಾಲಿನಲ್ಲಿ ನಿಂತು ಆಗುವಂಥವು. ನಮ್ಮ ಮನೆಯಲ್ಲಿ ಮೊದಲ ದೋಸೆ ಅಣ್ಣನದು. ಅವನು ಊರಲ್ಲಿಲ್ಲದ ದಿನ ಅಮ್ಮ ಅದನ್ನು ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿದ್ದಳೇ ಹೊರತು ನನಗೆ ಕೊಡುತ್ತಿರಲಿಲ್ಲ. ಈಗ ನನಗೆ ಹಾಕುತ್ತಾಳೆ. ನಾವಿಬ್ಬರೂ ಅದರ ಬಗ್ಗೆ ಮಾತಾಡುವುದಿಲ್ಲ.

ಹಕ್ಕಿಯ ರೂಪಕ ಅಳಿಸಿಹಾಕುವುದು ಇದನ್ನೇ. ಆಕಾಶದಲ್ಲಿ ಸರದಿ ಇಲ್ಲ.

ಕಾರವಾರಕ್ಕೆ ಹೋಗಲು ಇನ್ನೊಂದು ಕಾರಣ ಎಂದೆನಲ್ಲ. ಆ ಡಿಸೆಂಬರಿನ ಒಂದು ದಿನ ನನ್ನ ವಯಸ್ಸು 28 ವರ್ಷ 4 ತಿಂಗಳನ್ನು ದಾಟಿತು. ಲೆಕ್ಕ ಹಾಕಬಾರದಿತ್ತು, ಹಾಕಿದೆ. ಅವತ್ತಿನಿಂದ ನಾನು ಅಣ್ಣನಿಗಿಂತ ದೊಡ್ಡವಳು. ದುರ್ಯೋಧನನ ದೂರಿನ ಪ್ರಕಾರ ನಮ್ಮ ಮನೆಯಲ್ಲಿ ಕ್ರಮ ತಪ್ಪಲಿಲ್ಲ. ದೊಡ್ಡವನು ಮೊದಲು ಹೋದ. ತಾಂಡೇಲರು 'ಹಾಂ' ಎಂದದ್ದರಲ್ಲಿ ಅದೂ ಇತ್ತೇನೋ. ಆದರೆ ಬದುಕಿರುವವಳು ನಾನಾದ್ದರಿಂದ ಸಾಲು ಮುರಿದು ಮುಂದೆ ಹೋದವಳೂ ನಾನೇ. ಮಂಡಕಳ್ಳಿಯ ರಸ್ತೆಯಲ್ಲಿ ಅವನ ಸೈಕಲ್ಲನ್ನು ಎಂದೂ ಹಿಂದೆ ಹಾಕಿದವಳಲ್ಲ.

ಹಾಗಿದ್ದರೆ ಕಿರಿಯರ ಶೋಕಕ್ಕೆ ನಮ್ಮ ಕಾವ್ಯದಲ್ಲಿ ಜಾಗ ಎಲ್ಲಿದೆ? ಊರಿಗೆ ಬಂದ ಮೇಲೆ ಇದನ್ನೇ ಹಿಡಿದು ಮತ್ತೆ ಓದಿದೆ. ಪ್ರಸಿದ್ಧವಾದ ಒಡಹುಟ್ಟಿನ ವಿಲಾಪಗಳು ಹಿರಿಯರವು. ಮೂರ್ಛೆ ಹೋದ ಲಕ್ಷ್ಮಣನ ಮುಂದೆ ರಾಮ, ಹೆಂಡತಿ ಬಂಧುಗಳು ಎಲ್ಲ ನಾಡಿನಲ್ಲೂ ಸಿಗಬಹುದು, ಒಡಹುಟ್ಟಿದವನು ಸಿಗುವ ನಾಡನ್ನು ಕಾಣೆ ಎಂಬರ್ಥದ ಮಾತಾಡುತ್ತಾನೆ. (ಇಬ್ಬರ ತಾಯಂದಿರು ಬೇರೆ. ಆ ಹೊತ್ತಿಗೆ ಅದು ಅವನಿಗೆ ಮರೆತಿದ್ದರೆ ಅದೂ ಶೋಕದ ಲಕ್ಷಣವೇ.) ಕಿರಿಯರು ಹಿರಿಯರಿಗಾಗಿ ಅಳುವ ಸಂದರ್ಭಗಳನ್ನು ಹುಡುಕಿದರೆ ಸಿಗುವ ಹೆಸರುಗಳು ಇವು: ವಾಲಿಗಾಗಿ ಸುಗ್ರೀವ, ರಾವಣನಿಗಾಗಿ ವಿಭೀಷಣ, ಕರ್ಣನಿಗಾಗಿ ಧರ್ಮರಾಯ. ಮೂವರೂ ಆ ಸಾವಿನಲ್ಲಿ ಕೈ ಇದ್ದವರು. ಒಬ್ಬ ರಾಮನನ್ನು ಕರೆತಂದ, ಒಬ್ಬ ಅವನ ಪಾಳೆಯಕ್ಕೆ ಹೋದ, ಇನ್ನೊಬ್ಬ ಅಣ್ಣನೆಂದು ತಿಳಿಯದೆ ಕೊಲ್ಲಿಸಿ, ಗಂಗೆಯ ದಡದಲ್ಲಿ ತರ್ಪಣದ ಹೊತ್ತಿಗೆ ತಾಯಿಯ ಬಾಯಿಂದ ಕೇಳಿದ. ಹಿರಿಯನ ಶೋಕ ಕ್ರಮ ತಪ್ಪಿದ್ದರ ದೂರಾದರೆ, ಈ ಮೂವರ ಶೋಕ ತಪ್ಪೊಪ್ಪಿಗೆ. ಏನೂ ಮಾಡದ, ಸುಮ್ಮನೆ ಹಿಂದೆ ಉಳಿದ ಕಿರಿಯನಿಗೆ ಈ ಕಥೆಗಳು ಮಾತು ಕೊಟ್ಟಿಲ್ಲ.

ಇದಕ್ಕೆ ಎದುರು ವಾದ ಇದೆ ಎಂದು ಗೊತ್ತು. ಜನಪದ ತ್ರಿಪದಿಗಳಲ್ಲಿ ಅಣ್ಣನನ್ನು ನೆನೆಯುವ ತಂಗಿಯದು ದೊಡ್ಡ ದನಿಯಲ್ಲವೇ ಎಂದು ನನ್ನ ಮಾರ್ಗದರ್ಶಕರು ಕೇಳಿದರು. ಹೌದು. ಆದರೆ ನನಗೆ ಸಿಕ್ಕ ಹಾಡುಗಳಲ್ಲಿ ಬಹುಮಟ್ಟಿಗೆ ಆ ಅಣ್ಣ ಬದುಕಿದ್ದಾನೆ. ಪಂಚಮಿಗೆ ಕರೆಯಲು ಬರಬೇಕಾದವನು, ತವರಿನ ದಾರಿಯಲ್ಲಿ ಇರುವವನು, ಅವನ ಬಾಳು ತಣ್ಣಗಿರಲಿ ಎಂದು ಹರಸಬೇಕಾದವನು. ಅವನು ಬರುವುದು ತಡವಾಗಬಹುದು. ಹಾಡು ಆ ತಡದಲ್ಲೇ ಬದುಕುತ್ತದೆ. ಬಾರದೇ ಹೋದರೆ ಏನು ಹಾಡಬೇಕೆಂದು ನನಗೆ ಅಲ್ಲಿಂದ ತಿಳಿಯಲಿಲ್ಲ. ಹೆಚ್ಚು ಓದಿದವರು ಯಾರಾದರೂ ತೋರಿಸಿದರೆ ಈ ಮಾತನ್ನು ಸಂತೋಷದಿಂದ ಹಿಂತೆಗೆದುಕೊಳ್ಳುತ್ತೇನೆ.

ಹಾರುವುದನ್ನು ಒಳಗಿನಿಂದ ಬಲ್ಲ ಬರಹಗಾರ ಒಡಹುಟ್ಟಿದವನ ಸಾವನ್ನು ಹೇಗೆ ಬರೆದ ಎಂದು ನೋಡಲು ಫ್ರೆಂಚ್ ಪೈಲಟ್ ಆಂತ್ವಾನ್ ದ ಸೆಂತ್-ಎಕ್ಸೂಪೆರಿಯ ಕಡೆ ಹೋದೆ. 'ಲಿಟಲ್ ಪ್ರಿನ್ಸ್' ಅವನ ಪುಸ್ತಕವಾಗಿ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಅಣ್ಣನಿಗೆ ಬಂದ ಸಂದೇಶಗಳಲ್ಲೂ ಆ ಪುಟ್ಟ ರಾಜಕುಮಾರ ಇದ್ದ, ನಕ್ಷತ್ರಗಳೊಂದಿಗೆ. 1943ರ ಆ ಪುಸ್ತಕದ ಕೊನೆಯಲ್ಲಿ ಹುಡುಗ ಸದ್ದಿಲ್ಲದೆ ಮರಳಿನ ಮೇಲೆ ಬೀಳುತ್ತಾನೆ, ಬೆಳಗಾದರೆ ದೇಹವೂ ಇರುವುದಿಲ್ಲ. ಚೆಂದದ ಸಾವು, ನನಗೆ ಈಗ ಅದನ್ನು ಓದಲಾಗುವುದಿಲ್ಲ. ಒಂದು ವರ್ಷ ಹಿಂದೆ, 1942ರಲ್ಲಿ, ಅವನು ಯುದ್ಧದ ಹಾರಾಟಗಳ ಬಗ್ಗೆ ಬರೆದ ಪುಸ್ತಕ ಬಂದಿತ್ತು. ಇಂಗ್ಲಿಷಿನಲ್ಲಿ ಅದರ ಹೆಸರು 'ಫ್ಲೈಟ್ ಟು ಅರ್ರಾಸ್'. ಗುಂಡಿನ ನಡುವೆ ಹಾರುತ್ತಿರುವ ಪೈಲಟ್‌ಗೆ ಇದ್ದಕ್ಕಿದ್ದಂತೆ ತಮ್ಮ ಫ್ರಾನ್ಸ್ವಾ ನೆನಪಾಗುತ್ತಾನೆ. ಅವನು ಕಾಯಿಲೆಯಿಂದ ಸತ್ತದ್ದು 1917ರಲ್ಲಿ; ಆಗ ಅಣ್ಣನಿಗೆ 17. ನಸುಕಿನಲ್ಲಿ ದಾದಿ ಬಂದು ಎಬ್ಬಿಸುತ್ತಾಳೆ. ಹುಡುಗ, ನಾನು ಉಯಿಲು ಮಾಡಬೇಕು ಎನ್ನುತ್ತಾನೆ. ಬಿಟ್ಟುಹೋಗಲು ಅವನಲ್ಲಿರುವುದು ಒಂದು ಆಟದ ಉಗಿಯಂತ್ರ, ಒಂದು ಸೈಕಲ್, ಒಂದು ಬಂದೂಕು. ಅವನ್ನು ಅಣ್ಣನ ಹೆಸರಿಗೆ ಮಾಡಿ, ಭಯವಿಲ್ಲ, ಇದು ನನ್ನ ದೇಹದ ಕೆಲಸ ಅಷ್ಟೇ ಎಂಬಂತೆ ಸಮಾಧಾನ ಹೇಳುತ್ತಾನೆ.

ವಿಮಾನದಲ್ಲಿ ಕೂತು ಬರೆದಂತಿರುವ ಈ ಭಾಗದಲ್ಲಿ ಹಕ್ಕಿ ಇಲ್ಲ, ರೆಕ್ಕೆ ಇಲ್ಲ. ಸೈಕಲ್ ಇದೆ. ತಮ್ಮನ ವಸ್ತು ಅಣ್ಣನಿಗೆ ಹೋಗುತ್ತಿದೆ, ಸರದಿ ತಿರುಗಿದೆ. ರನ್ನ ಹಾಲಿನಲ್ಲಿ ಕಂಡದ್ದನ್ನು ಇವನು ಸೈಕಲ್ಲಿನಲ್ಲಿ ಕಂಡ. ಸೆಂತ್-ಎಕ್ಸೂಪೆರಿ 1944ರ ಜುಲೈ 31ರಂದು ಕಾರ್ಸಿಕಾದಿಂದ ಹಾರಿ ಹಿಂದಿರುಗಲಿಲ್ಲ. ಅವನನ್ನೂ ಆಕಾಶಕ್ಕೆ ಸೇರಿಸಿ ಎಷ್ಟೋ ಜನ ಬರೆದರು. 1998ರಲ್ಲಿ ಮಾರ್ಸೇಯ್ ಹತ್ತಿರ ಒಬ್ಬ ಮೀನುಗಾರನ ಬಲೆಗೆ ಅವನ ಬೆಳ್ಳಿ ಕೈಪಟ್ಟಿ ಸಿಕ್ಕಿತು. ಅದರ ಮೇಲೆ ಹೆಂಡತಿಯ ಹೆಸರು, ಪ್ರಕಾಶಕರ ವಿಳಾಸ. ಆಮೇಲೆ ವಿಮಾನದ ಅವಶೇಷಗಳೂ ಸಿಕ್ಕವು, ಕಡಲ ತಳದಲ್ಲಿ.

ದೋಣಿಯಲ್ಲಿ ಬರೆದದ್ದನ್ನು ನಾನು ಅಳಿಸಿದೆ. ಠಾಕೂರರ ಥರ ಉಳಿಸಿಕೊಂಡು ಮುಂದೆ ಬೈಯುವ ಧೈರ್ಯ ನನಗಿಲ್ಲ. ಅಣ್ಣನ ಸೈಕಲ್ ಮನೆಯ ಹಿಂದೆ ಇದೆ. ಟೈರ್ ಹಾಕಿಸಿ ಅಗ್ರಹಾರದಿಂದ ಗಂಗೋತ್ರಿಗೆ ಅದರಲ್ಲೇ ಹೋಗುತ್ತಿದ್ದೇನೆ. ಸೀಟನ್ನು ಎರಡು ಇಂಚು ಇಳಿಸಬೇಕಾಯಿತು. ಮೇಲಿನ ಪುಟಗಳ ಕೆಲವು ಭಾಗ ನನ್ನ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿತ್ತು. ವೈಯಕ್ತಿಕ ಎಂದು ಮಾರ್ಗದರ್ಶಕರು ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದರು. ಸುಗ್ರೀವ, ವಿಭೀಷಣರ ಪ್ಯಾರಾ ಮಾತ್ರ ಉಳಿದಿದೆ. ಅವರು ಹೇಳಿದ್ದು ಸರಿ ಇರಬಹುದು.

ಬರುವ ಸೋಮವಾರ ದುರ್ಯೋಧನ ವಿಲಾಪ ಮತ್ತೆ ಪಾಠಕ್ಕಿದೆ. ಈ ಸಲ ಛಂದಸ್ಸು, ಅಲಂಕಾರ ಬೋರ್ಡಿನ ಮೇಲೆ ಬರೆಯುವ ಮೊದಲು, ಯಾರ್ಯಾರು ಮನೆಯಲ್ಲಿ ಎಷ್ಟನೆಯವರು ಎಂದು ಕೇಳಬೇಕೆಂದಿದ್ದೇನೆ. ಹಿಂದಿನ ಬೆಂಚಿನಿಂದ ಶುರು ಮಾಡಿ.